ಕೀ ಬ್ಯಾಟರಿ ತೆಗೆದರೆ ಕಾರು ಆ ಕೀಯನ್ನು ಮರೆತುಬಿಡುತ್ತಾ?

ಓದುಗರ ಪ್ರಶ್ನೆ: ನನ್ನದು ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರು. ಕೊಂಡು ಮೂರು ವರ್ಷ ಆಯಿತು. ಎರಡು ವಾರದಿಂದ ರಿಮೋಟ್ ಸತಾಯಿಸುತ್ತಿದೆ. ಮೊದಲು ದೂರದಿಂದಲೇ ಲಾಕ್ ಆಗುತ್ತಿತ್ತು, ಈಗ ಬಾಗಿಲ ಪಕ್ಕ ನಿಂತು ಎರಡು ಮೂರು ಸಲ ಒತ್ತಬೇಕು. ಕೀ ಬ್ಯಾಟರಿ ಕಡಿಮೆ ಇದೆ ಎಂದು ಡ್ಯಾಶ್‌ಬೋರ್ಡಿನಲ್ಲೂ ಬರುತ್ತಿದೆ. ಸರ್ವಿಸ್‌ನವರನ್ನು ಕೇಳಿದರೆ "ಇಲ್ಲೇ ತಂದು ಹಾಕಿಸಿ, ನೀವೇ ಬಿಚ್ಚಿದರೆ ಪ್ರೋಗ್ರಾಮಿಂಗ್ ಹೋಗುತ್ತದೆ" ಎಂದರು. ನನ್ನ ಭಾವ "ಒಂದು ನಿಮಿಷದೊಳಗೆ ಹೊಸದು ಹಾಕಿಬಿಟ್ಟರೆ ಏನೂ ಆಗಲ್ಲ" ಅಂತಾರೆ. ಕೀಗೆ ಸಿಆರ್ 2032 ಬೇಕಂತೆ, ಮನೆಯಲ್ಲಿ ತೂಕದ ಮಷೀನಿಗೆ ತಂದ ಸಿಆರ್ 2025 ಉಳಿದಿದೆ. ಅದನ್ನೇ ಹಾಕಬಹುದಾ? ರೀಚಾರ್ಜ್ ಮಾಡುವ ಸೆಲ್ ಆದರೆ ಪದೇ ಪದೇ ಕೊಳ್ಳುವುದು ತಪ್ಪುತ್ತದಲ್ಲ? ಎಲ್ಲಕ್ಕಿಂತ ಜಾಸ್ತಿ ಭಯ ಇರುವುದು, ದಾರಿಯಲ್ಲಿ ಪೂರ್ತಿ ಸತ್ತರೆ ಏನು ಗತಿ ಎಂದು. ಓಡುವಾಗಲೇ ಎಂಜಿನ್ ನಿಂತುಬಿಡುತ್ತಾ? ಇನ್ನೊಂದು ಕೀ ಡ್ರಾಯರಿನಲ್ಲೇ ಇದೆ, ಮುಟ್ಟಿಯೇ ಇಲ್ಲ. ಅದಕ್ಕೂ ಹಾಕಬೇಕಾ?

ಉತ್ತರ: ನೀವು ಐದಾರು ಪ್ರಶ್ನೆ ಕೇಳಿದ್ದೀರಿ. ಹೆಚ್ಚಿನವುಗಳ ಹಿಂದೆ ಇರುವ ಹೆದರಿಕೆ ಒಂದೇ: ಸೆಲ್ ಹೊರಗೆ ಬಂದ ಕ್ಷಣ ಕಾರಿಗೂ ಕೀಗೂ ಇದ್ದ ನಂಟು ಕಡಿದುಹೋಗುತ್ತದೆ ಅನ್ನೋದು. ಹಾಗಾಗುವುದಿಲ್ಲ. ಒಂದು ನಿಮಿಷದ ಮಾತು ಬಿಡಿ, ಸೆಲ್ ತೆಗೆದು ಒಂದು ತಿಂಗಳು ಮೇಜಿನ ಮೇಲೆ ಇಟ್ಟರೂ ನಿಮ್ಮ ಕೀ ನಿಮ್ಮ ಕಾರಿನ ಕೀಯಾಗಿಯೇ ಇರುತ್ತದೆ. ಕೀ ರಿಪೇರಿ, ಕೀ ಪ್ರೋಗ್ರಾಮಿಂಗ್ ಎರಡೂ ನನ್ನ ಕೆಲಸ. "ಬ್ಯಾಟರಿ ಹಾಕಿದ ಮೇಲೆ ಗಾಡಿ ಸ್ಟಾರ್ಟ್ ಆಗ್ತಿಲ್ಲ" ಎಂದು ತರುವ ಕೀಗಳನ್ನು ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಸಿಗುವುದು ಇಷ್ಟು: ಸೆಲ್ ತಲೆಕೆಳಗಾಗಿ ಕೂತಿರುತ್ತದೆ, ಸೆಲ್ ಹಿಡಿಯುವ ತಗಡಿನ ಕಾಲು ಬಗ್ಗಿರುತ್ತದೆ, ಇಲ್ಲ ಒಳಗಿದ್ದ ಪುಟ್ಟ ಚಿಪ್ ಎಲ್ಲೋ ಉದುರಿಹೋಗಿರುತ್ತದೆ. ಪ್ರೋಗ್ರಾಮಿಂಗ್ ತನ್ನ ಜಾಗದಲ್ಲೇ ಇರುತ್ತದೆ. ಅಂದರೆ ಹುಷಾರಾಗಿರಬೇಕಾದ್ದು ಬಿಚ್ಚುವ ಕೈ, ಗಡಿಯಾರ ನೋಡಿಕೊಂಡು ಓಡುವುದಲ್ಲ.

ಯಾಕೆ ಅಂತ ಹೇಳುತ್ತೇನೆ, ಇದು ಗೊತ್ತಾದರೆ ಉಳಿದದ್ದೆಲ್ಲ ಸುಲಭ.

ಕೀ ಒಳಗೆ ಮೂರು ಬೇರೆ ಬೇರೆ ಕೆಲಸ ನಡೆಯುತ್ತವೆ. ಡಬ್ಬಿ ಒಂದೇ ಆದ್ದರಿಂದ ನಾವು ಎಲ್ಲವನ್ನೂ ಒಂದೇ ಅಂದುಕೊಳ್ಳುತ್ತೇವೆ. ಮೊದಲನೆಯದು ಬಟನ್ ಒತ್ತಿದಾಗ ಲಾಕ್, ಅನ್‌ಲಾಕ್. ಆಗ ಕೀ ಒಂದು ಸಣ್ಣ ರೇಡಿಯೊ ಸಂದೇಶ ಕಳಿಸುತ್ತದೆ, ಸಾಮಾನ್ಯವಾಗಿ 433.92 ಇಲ್ಲವೇ 315 ಮೆಗಾಹರ್ಟ್ಸ್‌ನಲ್ಲಿ. ಇದಕ್ಕೆ ಸೆಲ್ ಬೇಕೇ ಬೇಕು. ಎರಡನೆಯದು ಸ್ಮಾರ್ಟ್ ಕೀ ಕೆಲಸ, ಅಂದರೆ ಕೀ ಜೇಬಿನಲ್ಲಿದ್ದರೆ ಸಾಕು, ಬಾಗಿಲ ಹಿಡಿ ಮುಟ್ಟಿದಾಗ ಕಾರು ಸುಮಾರು 125 ಕಿಲೋಹರ್ಟ್ಸ್‌ನ ಹತ್ತಿರದ ಅಲೆಯಲ್ಲಿ "ಇದ್ದೀಯಾ?" ಎಂದು ಕೇಳುತ್ತದೆ, ಕೀ ಎಚ್ಚೆತ್ತು ರೇಡಿಯೊದಲ್ಲಿ ಉತ್ತರ ಕೊಡುತ್ತದೆ. ಇದಕ್ಕೂ ಸೆಲ್ ಬೇಕು. ಮೂರನೆಯದೇ ಮುಖ್ಯ: ಎಂಜಿನ್ ಸ್ಟಾರ್ಟ್ ಆಗಲು ಒಪ್ಪಿಗೆ ಕೊಡುವ ಇಮೊಬಿಲೈಸರ್ ಚಿಪ್. ಇದಕ್ಕೆ ಸೆಲ್ ಬೇಕಿಲ್ಲ. ಕೀ ತಿರುಗಿಸುವ ಕಾರಾದರೆ ಕೀ ತೂತಿನ ಸುತ್ತ, ಬಟನ್ ಕಾರಾದರೆ ಸ್ಟಾರ್ಟ್ ಬಟನ್ನಿನ ಹಿಂದೆಯೋ ಬೇರೆ ಗುರುತು ಮಾಡಿದ ಜಾಗದಲ್ಲೋ ಒಂದು ತಂತಿಯ ಸುರುಳಿ ಇರುತ್ತದೆ. ಅದು ಹುಟ್ಟಿಸುವ ಕಾಂತಕ್ಷೇತ್ರದಿಂದಲೇ ಚಿಪ್ ತನಗೆ ಬೇಕಾದ ಚೂರು ಕರೆಂಟು ಪಡೆದು ತನ್ನ ಗುರುತು ಹೇಳುತ್ತದೆ. ಕೆಲವೇ ಸೆಂಟಿಮೀಟರ್ ದೂರದಲ್ಲಿ ಮಾತ್ರ ಇದು ನಡೆಯುವುದು.

ಹಾಗಾದರೆ ಗುರುತು ಎಲ್ಲಿ ಬರೆದಿರುತ್ತದೆ? ಕರೆಂಟು ಹೋದರೂ ಅಳಿಯದ ಮೆಮೊರಿಯಲ್ಲಿ. ಫೋನ್ ಸ್ವಿಚ್ ಆಫ್ ಮಾಡಿದರೆ ಫೋಟೊಗಳು ಅಳಿಸಿ ಹೋಗಲ್ಲ ಅಲ್ವಾ, ಅದೇ ರೀತಿ. ಕಾರಿನ ಕಡೆಯ ಪಟ್ಟಿ, ಅಂದರೆ ಯಾವ ಯಾವ ಕೀ ನನ್ನವು ಎಂಬ ಲೆಕ್ಕ, ಕಾರಿನ ಕಂಪ್ಯೂಟರಿನಲ್ಲಿ ಇರುತ್ತದೆ. ನೀವು ಕೀಯ ಸೆಲ್ ತೆಗೆದದ್ದು ಅದಕ್ಕೆ ಗೊತ್ತೂ ಆಗುವುದಿಲ್ಲ.

ಸರ್ವಿಸ್‌ನವರ ಮಾತು ಪೂರ್ತಿ ಗಾಳಿಯಿಂದ ಹುಟ್ಟಿದ್ದೂ ಅಲ್ಲ. ಹಳೆಯ ಕೆಲವು ರಿಮೋಟ್‌ಗಳಲ್ಲಿ ಸೆಲ್ ಬದಲಿಸಿದ ಮೇಲೆ ಲಾಕ್ ಬಟನ್ ಕೆಲಸ ಮಾಡಲು ಮತ್ತೆ ಹೊಂದಿಸಬೇಕಿತ್ತು. ಕೀ ಹಾಕಿ ಆನ್ ಮಾಡಿ, ಒಂದು ಬಟನ್ ಕೆಲವು ಸೆಕೆಂಡು ಹಿಡಿದರೆ ಮುಗಿಯಿತು, ಅದಕ್ಕೆ ಯಾವ ಮಷೀನೂ ಬೇಕಿರಲಿಲ್ಲ. ಇನ್ನೊಂದು ವಿಷಯ ರೋಲಿಂಗ್ ಕೋಡ್. ಕಳ್ಳರು ಸಂದೇಶವನ್ನು ಹಿಡಿದು ಮತ್ತೆ ಬಳಸಬಾರದು ಎಂದು ಪ್ರತಿ ಸಲ ಬಟನ್ ಒತ್ತಿದಾಗಲೂ ಕೀ ಹೊಸ ಕೋಡ್ ಕಳಿಸುತ್ತದೆ, ಕಾರು ಮುಂದಿನ ಕೋಡ್ ಯಾವುದು ಎಂದು ಲೆಕ್ಕ ಇಟ್ಟುಕೊಂಡಿರುತ್ತದೆ. ಕಾರಿಗೆ ಕೇಳಿಸದಷ್ಟು ದೂರದಲ್ಲಿ ಮಗು ಕೀ ಹಿಡಿದು ಬಟನ್ ಒತ್ತುತ್ತಾ ಆಟ ಆಡಿದರೆ ಕೀಯ ಲೆಕ್ಕ ಮುಂದೆ ಓಡುತ್ತದೆ, ಕಾರಿನದು ಹಿಂದೆ ಉಳಿಯುತ್ತದೆ. ಇದನ್ನೂ ಯೋಚಿಸಿಯೇ ಮಾಡಿರುತ್ತಾರೆ. ಬಹಳ ಬಳಕೆಯಲ್ಲಿರುವ ಕೀಲಾಕ್ ಎಂಬ ಪದ್ಧತಿಯಲ್ಲಿ ಮುಂದಿನ 16 ಕೋಡ್‌ಗಳವರೆಗೆ ಕಾರು ಸುಮ್ಮನೆ ಒಪ್ಪುತ್ತದೆ, ಅದಕ್ಕಿಂತ ಮುಂದೆ ಹೋಗಿದ್ದರೆ ಒಂದರ ಹಿಂದೆ ಒಂದು ಎರಡು ಸಲ ಒತ್ತಿದಾಗ ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ಈ ಲೆಕ್ಕವೂ ಅಳಿಯದ ಮೆಮೊರಿಯಲ್ಲೇ ಇರುವುದು. ಹಾಗಾಗಿ ಸೆಲ್ ಹಾಕಿದ ಮೇಲೆ ಮೊದಲ ಒತ್ತಿಗೆ ಕೆಲಸ ಮಾಡದಿದ್ದರೆ ಗಾಬರಿಯಾಗಬೇಡಿ, ಕಾರಿನ ಪಕ್ಕ ನಿಂತು ಇನ್ನೊಂದೆರಡು ಸಲ ಒತ್ತಿ.

ಭಾವನ ಒಂದು ನಿಮಿಷದ ನಿಯಮ ಎಲ್ಲಿಂದ ಬಂತೋ, ನಾನೂ ಬಹಳ ಕಡೆ ಕೇಳಿದ್ದೇನೆ. ಅದರಿಂದ ಆಗುವ ಅನಾಹುತ ಒಂದೇ, ಜನ ಅವಸರದಲ್ಲಿ ಸ್ಕ್ರೂಡ್ರೈವರ್ ತುರುಕಿ ಬೋರ್ಡ್ ಗೀರುತ್ತಾರೆ.

ಇನ್ನು ನಿಮ್ಮ ಸೆಲ್ ನಿಜವಾಗಿ ಮುಗಿದಿದೆಯಾ? ನೀವು ಹೇಳಿದ ಲಕ್ಷಣ ನೋಡಿದರೆ ಹೌದು. ದೂರ ಕಡಿಮೆಯಾಗುತ್ತಾ ಬರುವುದು, ಎರಡು ಮೂರು ಸಲ ಒತ್ತಬೇಕಾಗುವುದು, ಚಳಿಯ ಬೆಳಿಗ್ಗೆ ಕೆಟ್ಟು ಮಧ್ಯಾಹ್ನ ಸರಿಹೋಗುವುದು, ಇವೆಲ್ಲ ಮುಗಿಯುತ್ತಿರುವ ಲಿಥಿಯಂ ಸೆಲ್ಲಿನ ನಡೆ. ಮೂರು ವರ್ಷ ಬಂತು ಅಂದರೆ ನಿಮಗೆ ಚೆನ್ನಾಗಿಯೇ ಬಂದಿದೆ. ಸ್ಮಾರ್ಟ್ ಕೀಗಳಲ್ಲಿ ಒಂದರಿಂದ ಎರಡು ವರ್ಷ ಸಾಮಾನ್ಯ, ಬರೀ ಬಟನ್ ಇರುವ ರಿಮೋಟ್‌ಗಳಲ್ಲಿ ಇನ್ನೂ ಜಾಸ್ತಿ.

ಮಲ್ಟಿಮೀಟರ್ ಇರುವವರು ಒಂದು ಕಡೆ ಮೋಸ ಹೋಗುತ್ತಾರೆ. ಸೆಲ್ ತೆಗೆದು ಮೀಟರ್ ಹಿಡಿದರೆ 2.9 ವೋಲ್ಟ್ ತೋರಿಸುತ್ತದೆ, "ಬ್ಯಾಟರಿ ಚೆನ್ನಾಗಿದೆ, ಕೀಯೇ ಹಾಳಾಗಿದೆ" ಎಂದು ತೀರ್ಮಾನ ಮಾಡಿ ಹೊಸ ಕೀಗೆ ದುಡ್ಡು ಸುರಿಯುತ್ತಾರೆ. ಮೀಟರ್ ಸೆಲ್ಲಿನಿಂದ ಕರೆಂಟನ್ನೇ ಎಳೆಯುವುದಿಲ್ಲ ಎನ್ನಬಹುದು. ಕೀ ಸಂದೇಶ ಕಳಿಸುವಾಗ ಒಂದು ಕ್ಷಣ ಹತ್ತಾರು ಮಿಲಿಆಂಪಿಯರ್ ಎಳೆಯುತ್ತದೆ. ಹಳೆಯ ಸೆಲ್ಲಿನ ಒಳಗಿನ ತಡೆ ಏರಿರುವುದರಿಂದ ಆ ಕ್ಷಣದಲ್ಲಿ ವೋಲ್ಟೇಜ್ ದಬಕ್ಕನೆ ಬೀಳುತ್ತದೆ. ಬಟನ್ ಬಿಟ್ಟ ಮೇಲೆ ಮತ್ತೆ ಏರುತ್ತದೆ. ಹೊಸ ಸೆಲ್ ಮೀಟರಿಗೆ 3.2, 3.3 ತೋರಿಸಬೇಕು. 3ಕ್ಕಿಂತ ಕೆಳಗಿದ್ದರೆ ಚರ್ಚೆಯೇ ಬೇಡ, ಬದಲಿಸಿ. ಮೀಟರ್ ಇಲ್ಲದಿದ್ದರೆ ಇನ್ನೂ ಸುಲಭದ ಪರೀಕ್ಷೆ ಇದೆ: ಡ್ರಾಯರಿನ ಎರಡನೇ ಕೀ ತಂದು ಒತ್ತಿ ನೋಡಿ. ಅದು ದೂರದಿಂದ ಸಲೀಸಾಗಿ ಕೆಲಸ ಮಾಡಿದರೆ ಕಾರು ಸರಿ ಇದೆ, ತೊಂದರೆ ಮೊದಲ ಕೀಯದು. ಎರಡೂ ಒಂದೇ ಥರ ಸತಾಯಿಸಿದರೆ ಎರಡರ ಸೆಲ್ಲೂ ಮುಗಿದಿರಬಹುದು, ಹೊಸ ಸೆಲ್ ಹಾಕಿದ ಮೇಲೂ ಹಾಗೇ ಇದ್ದರೆ ಕಾರಿನ ದೊಡ್ಡ 12 ವೋಲ್ಟ್ ಬ್ಯಾಟರಿ, ಇಲ್ಲ ಅಕ್ಕಪಕ್ಕದ ರೇಡಿಯೊ ಗದ್ದಲ ನೋಡಬೇಕು. ಕಾರು ಬೇರೆ ಜಾಗಕ್ಕೆ ಒಯ್ದಾಗ ಸರಿಹೋದರೆ ಆ ಜಾಗದ್ದೇ ತಾಪತ್ರಯ.

ಫೋನ್ ಕ್ಯಾಮೆರಾ ಮುಂದೆ ಕೀ ಹಿಡಿದು ಬೆಳಕು ಕಾಣುತ್ತಾ ನೋಡಿ ಎಂಬ ವಿಡಿಯೊ ಓಡಾಡುತ್ತಿದೆ. ಅದು ಟಿವಿ ರಿಮೋಟ್‌ನಂಥ ಇನ್‌ಫ್ರಾರೆಡ್ ಸಾಮಾನಿಗೆ ಸರಿ. ನಿಮ್ಮ ಕೀ ಬಾಗಿಲು ತೆಗೆಯುವುದು ರೇಡಿಯೊದಿಂದ, ಕ್ಯಾಮೆರಾಗೆ ಏನೂ ಕಾಣುವುದಿಲ್ಲ.

ಈಗ ಸೆಲ್ ವಿಚಾರ. ಅದರ ಹೆಸರಿನಲ್ಲೇ ಅಳತೆ ಇದೆ. 2032 ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2025 ಅಂದರೆ ಅಗಲ ಅಷ್ಟೇ, ದಪ್ಪ 2.5. ವೋಲ್ಟೇಜ್ ಎರಡರದ್ದೂ 3, ಆದ್ದರಿಂದ 2025 ಹಾಕಿದರೆ ಕೀ ಸುಡುವುದಿಲ್ಲ. ಆದರೆ 0.7 ಮಿಲಿಮೀಟರ್ ಸಡಿಲ ಉಳಿಯುತ್ತದೆ. ಮೊದಲ ದಿನ ಕೆಲಸ ಮಾಡುತ್ತದೆ, ಕೀ ಒಮ್ಮೆ ಕೆಳಗೆ ಬಿದ್ದರೆ ಇಲ್ಲ ಜೇಬಿನಲ್ಲಿ ಅಲುಗಾಡಿದರೆ ಸಂಪರ್ಕ ತಪ್ಪುತ್ತದೆ. ನಿಮಗೆ ಅದು ಕೈಕೊಡುವುದು ಕತ್ತಲಲ್ಲಿ, ಮಳೆಯಲ್ಲಿ. ಸಡಿಲ ತುಂಬಲು ಅಲ್ಯೂಮಿನಿಯಂ ಫಾಯಿಲ್ ಮಡಚಿ ಇಡುವವರಿದ್ದಾರೆ, ಅದು ಜಾರಿ ಪ್ಲಸ್ಸಿಗೂ ಮೈನಸ್ಸಿಗೂ ತಾಗಿದರೆ ಶಾರ್ಟ್, ಸೆಲ್ ಬಿಸಿಯಾಗಿ ಉಬ್ಬುತ್ತದೆ. ಮೇಲಾಗಿ 2032ರಲ್ಲಿ ಸುಮಾರು 220 ಮಿಲಿಆಂಪಿಯರ್ ಗಂಟೆ ಇದ್ದರೆ 2025ರಲ್ಲಿ ಸುಮಾರು 160. ಉಲ್ಟಾ ಮಾಡಿ, ಅಂದರೆ 2025 ಜಾಗಕ್ಕೆ 2032 ಒತ್ತಿ ಕೂರಿಸಿದರೆ ಇನ್ನೂ ಕೆಟ್ಟದ್ದು, ತಗಡಿನ ಕಾಲು ಶಾಶ್ವತವಾಗಿ ಬಗ್ಗುತ್ತದೆ, ಆಮೇಲೆ ಸರಿಯಾದ ಸೆಲ್ ಹಾಕಿದರೂ ಹಿಡಿಯುವುದಿಲ್ಲ. ಹೊರಡಲೇಬೇಕು, ಬೇರೆ ದಾರಿಯೇ ಇಲ್ಲ ಎಂದಾಗ 2025ನ್ನು ಒಂದು ದಿನದ ಮಟ್ಟಿಗೆ ಹಾಕಿಕೊಳ್ಳಿ, ಬೇಡ ಅನ್ನಲ್ಲ.

ರೀಚಾರ್ಜ್ ಸೆಲ್ ಮಾತ್ರ ಬೇಡ. ಎಲ್‌ಐಆರ್ 2032 ಎಂದು ಸಿಗುತ್ತದೆ, ನೋಡಲು ತದ್ರೂಪ ಅದೇ. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ. 3 ವೋಲ್ಟ್ ಸೆಲ್ಲಿಗೆಂದು ಮಾಡಿದ ಕೀಯ ಚಿಪ್‌ಗಳಲ್ಲಿ ಹಲವು 3.6 ವೋಲ್ಟ್ ಆಸುಪಾಸಿನ ಮಿತಿಯವು. ಇವತ್ತೇ ಸುಡದೆ ಇರಬಹುದು, ಆದರೆ ಸುಟ್ಟ ದಿನ ಹೊಸ ಕೀ ಜತೆಗೆ ಆ ಪ್ರೋಗ್ರಾಮಿಂಗ್ ಖರ್ಚೂ ನಿಜವಾಗಿ ಬರುತ್ತದೆ. ಇನ್ನೊಂದು ತಮಾಷೆ ಎಂದರೆ ಅದರಲ್ಲಿ ಹಿಡಿಯುವುದು 40 ಮಿಲಿಆಂಪಿಯರ್ ಗಂಟೆ ಆಸುಪಾಸು. ಅಂದರೆ ಉಳಿತಾಯದ ಮಾತು ಸುಳ್ಳು, ಪದೇ ಪದೇ ಬಿಚ್ಚುತ್ತಾ ಕೂರಬೇಕು. ಇದಕ್ಕೆ ಒಂದು ಅಪವಾದ ಉಂಟು: ಬಿಎಂಡಬ್ಲ್ಯುನ ಕೆಲವು ಹಳೆಯ ಕೀಗಳಲ್ಲಿ ರೀಚಾರ್ಜ್ ಸೆಲ್ಲನ್ನೇ ಬೆಸುಗೆ ಹಾಕಿ ಕೂರಿಸಿದ್ದರು, ಕೀ ತೂತಿನಲ್ಲಿದ್ದಾಗ ಅದು ತಾನೇ ಚಾರ್ಜ್ ಆಗುತ್ತಿತ್ತು. ಅಂಥದಕ್ಕೆ ಮಾಮೂಲಿ ಸಿಆರ್ ಸೆಲ್ ಹಾಕಬಾರದು, ಚಾರ್ಜ್ ಮಾಡಬಾರದ ಸೆಲ್ಲಿಗೆ ಚಾರ್ಜ್ ಕೊಟ್ಟಂತಾಗುತ್ತದೆ.

ಸೆಲ್ ಕೊಳ್ಳುವಾಗ ಪ್ಯಾಕೆಟ್ ಮೇಲಿನ ತಾರೀಖು ನೋಡಿ. ಒಳ್ಳೆಯ ಲಿಥಿಯಂ ಸೆಲ್ ವರ್ಷಕ್ಕೆ ನೂರಕ್ಕೆ ಒಂದರಷ್ಟು ಮಾತ್ರ ಕಳೆದುಕೊಳ್ಳುತ್ತದೆ, ಎಂಟು ಹತ್ತು ವರ್ಷ ಇಡಬಹುದು. ಪ್ಯಾಕೆಟ್ಟಿಲ್ಲದೆ ಒಂದರ ಮೇಲೊಂದು ತಾಗಿಕೊಂಡು ಡಬ್ಬದಲ್ಲಿ ಬಿದ್ದಿರುವವನ್ನು ತೆಗೆದುಕೊಳ್ಳಬೇಡಿ, ಅವು ಅಲ್ಲೇ ಒಂದನ್ನೊಂದು ಖಾಲಿ ಮಾಡುತ್ತಿರುತ್ತವೆ. ಈಚೆಗೆ ಬಂದ ಒಂದು ಹೊಸ ತಲೆನೋವು ಕಹಿ ಲೇಪ. ಮಕ್ಕಳು ಬಾಯಿಗೆ ಹಾಕಿದರೆ ಉಗಿಯಲಿ ಎಂದು ಕೆಲವು ಕಂಪನಿಗಳು ಸೆಲ್ಲಿಗೆ ಕಹಿ ವಸ್ತು ಬಳಿಯುತ್ತವೆ. ಉದ್ದೇಶ ಬಹಳ ಒಳ್ಳೆಯದು. ಆದರೆ ಕೆಲವು ಕೀಗಳಲ್ಲಿ ತಗಡಿನ ಕಾಲು ಸರಿಯಾಗಿ ಆ ಲೇಪದ ಮೇಲೆ ಕೂತು ಸಂಪರ್ಕವೇ ಆಗುವುದಿಲ್ಲ. ಹೊಸ ಸೆಲ್ ಹಾಕಿಯೂ ಕೀ ಸತ್ತಂತಿದ್ದರೆ ಕಾಲು ತಾಗುವ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ ನೋಡಿ, ಇಲ್ಲ ಲೇಪವಿಲ್ಲದ್ದು ತನ್ನಿ.

ಬಿಚ್ಚುವುದು ಹೇಗೆ? ಪ್ರತಿ ಕೀಯದೂ ಬೇರೆ, ಕಾರಿನ ಜತೆ ಬಂದ ಪುಸ್ತಕದಲ್ಲಿ ಚಿತ್ರ ಸಮೇತ ಇರುತ್ತದೆ. ಅದನ್ನು ಯಾರೂ ತೆರೆಯುವುದಿಲ್ಲ, ನನಗೆ ಗೊತ್ತು. ಸ್ಮಾರ್ಟ್ ಕೀಗಳಲ್ಲಿ ಸಾಮಾನ್ಯವಾಗಿ ಪಕ್ಕದ ಚಿಕ್ಕ ಗುಂಡಿ ಒತ್ತಿ ಲೋಹದ ಕೀ ಎಳೆದರೆ ಆ ಜಾಗದಲ್ಲಿ ಒಂದು ಸೀಳು ಕಾಣುತ್ತದೆ. ಚಪ್ಪಟೆ ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿ ಅಲ್ಲಿಟ್ಟು ತಿರುವಿ. ಮೀಟಬೇಡಿ, ತಿರುವಿ. ಮೀಟಿದರೆ ಪ್ಲಾಸ್ಟಿಕ್ಕಿನ ಕೊಕ್ಕೆ ಮುರಿಯುತ್ತದೆ, ಆಮೇಲೆ ಜೀವನಪರ್ಯಂತ ರಬ್ಬರ್ ಬ್ಯಾಂಡ್. ಎಲ್ಲೂ ಬಿಟ್ಟುಕೊಡದಿದ್ದರೆ ಬಲ ಹಾಕಬೇಡಿ, ಎಲ್ಲೋ ಒಂದು ಪುಟ್ಟ ಸ್ಕ್ರೂ ಅಡಗಿರುತ್ತದೆ, ಲಾಂಛನದ ಸ್ಟಿಕ್ಕರ್ ಕೆಳಗೂ ಇರಬಹುದು.

ಮುಚ್ಚಳ ಬಂದ ತಕ್ಷಣ ಕೈ ನಿಲ್ಲಿಸಿ ಒಂದು ಫೋಟೊ ತೆಗೆಯಿರಿ. ಸೆಲ್ಲಿನ ಪ್ಲಸ್ ಮೇಲಿದೆಯಾ ಕೆಳಗಿದೆಯಾ ಎಂಬುದು ಕೀಯಿಂದ ಕೀಗೆ ಬೇರೆ, ಅಕ್ಷರ ಕೆತ್ತಿದ ಮುಖ ಪ್ಲಸ್. ನೀರು ಬಾರದಂತೆ ಸುತ್ತ ತೆಳ್ಳಗೆ ರಬ್ಬರ್ ಅಂಚು ಇದ್ದರೆ ಅದು ಹೇಗೆ ಕೂತಿದೆ ನೋಡಿಕೊಳ್ಳಿ, ಮುಚ್ಚುವಾಗ ಸುಕ್ಕಾದರೆ ಮೊದಲ ಮಳೆಗೇ ಒಳಗೆ ತೇವ. ಸೆಲ್ ತೆಗೆಯಲು ಪ್ಲಾಸ್ಟಿಕ್ ತುಂಡೋ ಹಲ್ಲುಕಡ್ಡಿಯೋ ಸಾಕು. ಲೋಹದ ಚಿಮುಟ ಬೇಡ, ಯಾಕೆಂದರೆ ಸೆಲ್ಲಿನ ಒಂದು ಮುಖ ಮತ್ತು ಪೂರಾ ಅಂಚು ಪ್ಲಸ್, ಇನ್ನೊಂದು ಮುಖದ ನಡುಭಾಗ ಮೈನಸ್, ಚಿಮುಟ ಎರಡನ್ನೂ ಹಿಡಿದರೆ ಶಾರ್ಟ್ ಆಗುತ್ತದೆ. ಹೊಸ ಸೆಲ್ಲನ್ನು ಅಂಚಿನಲ್ಲಿ ಹಿಡಿದು, ಮುಖಗಳನ್ನು ಒಣ ಬಟ್ಟೆಯಿಂದ ಒರೆಸಿ, ಮೊದಲು ಕಾಲಿನ ಕಡೆ ಓರೆಯಾಗಿ ಸೇರಿಸಿ ಆಮೇಲೆ ಕೆಳಗೆ ಒತ್ತಿ. ಮೇಲೆ ಪಾರದರ್ಶಕ ಸ್ಟಿಕ್ಕರ್ ಇದ್ದರೆ ಕೀಳಲು ಮರೆಯಬೇಡಿ, ನಗಬೇಡಿ, ಇದಕ್ಕೂ ಜನ ಬರುತ್ತಾರೆ.

ಇದು ನಿಮ್ಮ ಬಟನ್ ಕಾರಿಗಿಂತ ಕೀ ತಿರುಗಿಸುವ ಹಳೆಯ ಕಾರಿನವರಿಗೆ ಹೇಳುವ ಮಾತು, ಆದರೂ ಎಲ್ಲರೂ ಓದಲಿ. ಅಂಥ ಬಹಳಷ್ಟು ಕೀಗಳಲ್ಲಿ ಇಮೊಬಿಲೈಸರ್ ಚಿಪ್ ಬೋರ್ಡಿನ ಮೇಲೆ ಇರುವುದಿಲ್ಲ. ಅಕ್ಕಿಕಾಳಿನಷ್ಟು ಗಾಜಿನ ಕೊಳವೆಯಾಗಿಯೋ, ಕಪ್ಪು ಚೂರಾಗಿಯೋ ಪ್ಲಾಸ್ಟಿಕ್ ಗೂಡಿನಲ್ಲಿ ಸುಮ್ನೆ ಕೂತಿರುತ್ತದೆ. ಕೀ ಬಿಚ್ಚಿದಾಗ ಅದು ಉದುರಿ ನೆಲಕ್ಕೆ ಬೀಳುತ್ತದೆ, ಏನೋ ಪ್ಲಾಸ್ಟಿಕ್ ತುಂಡು ಎಂದು ಗುಡಿಸಿ ಎಸೆಯುತ್ತಾರೆ. ಆಮೇಲೆ ಹೊಸ ಸೆಲ್ಲಿನಿಂದ ಬಾಗಿಲು ಚೆನ್ನಾಗಿ ತೆರೆಯುತ್ತದೆ, ಎಂಜಿನ್ ಮಾತ್ರ ಒಲ್ಲೆ ಅನ್ನುತ್ತದೆ. "ನೋಡಿದಿರಾ, ಬ್ಯಾಟರಿ ತೆಗೆದದ್ದಕ್ಕೆ ಪ್ರೋಗ್ರಾಮಿಂಗ್ ಹೋಯಿತು" ಎಂಬ ಕತೆಗಳಲ್ಲಿ ಎಷ್ಟೋ ಹುಟ್ಟುವುದು ಇಲ್ಲಿಂದಲೇ. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಬಿಚ್ಚಿದರೆ ಬಿದ್ದದ್ದು ಕಾಣುತ್ತದೆ. ಕೀಯ ಹೊರ ಕವಚ ಒಡೆದಿದೆ ಎಂದು ಹೊಸ ಕವಚ ತರಿಸಿ ಬೋರ್ಡ್ ಮಾತ್ರ ಅದಕ್ಕೆ ಬದಲಿಸುವವರೂ ಇದೇ ಹಳ್ಳಕ್ಕೆ ಬೀಳುತ್ತಾರೆ, ಚಿಪ್ ಹಳೆಯ ಕವಚದಲ್ಲೇ ಉಳಿದಿರುತ್ತದೆ.

ಹಾಗಾದರೆ ಸರ್ವಿಸ್‌ಗೆ ಹೋಗಲೇಬಾರದಾ? ಹಾಗೇನಿಲ್ಲ. ಸೆಲ್ಲಿಗೆ ಬೆಸುಗೆ ಹಾಕಿದ್ದರೆ ಹೋಗಿ. ಸೆಲ್ಲಿನ ಮೇಲೆ ನೇರವಾಗಿ ಬೆಸುಗೆ ಕಡ್ಡಿ ಇಟ್ಟರೆ ಬಿಸಿಗೆ ಒಳಗಿನ ಸೀಲ್ ಬಿಡುತ್ತದೆ, ಸಿಡಿಯಲೂಬಹುದು, ಅದಕ್ಕೆ ಮೊದಲೇ ತಗಡು ಕೂರಿಸಿದ ಸೆಲ್ ಬೇಕು. ಕೀ ನೀರಿಗೆ ಬಿದ್ದು ಬೋರ್ಡ್ ಮೇಲೆ ಹಸಿರು ಕಿಲುಬು ಕಂಡರೆ ಹೋಗಿ. ಸೆಲ್ ಬದಲಿಸಿದ ಮೇಲೂ ಒಂದು ಬಟನ್ ಮಾತ್ರ ಕೆಲಸ ಮಾಡದಿದ್ದರೆ ಆ ಬಟನ್ನಿನ ಕೆಳಗಿನ ಸಣ್ಣ ಸ್ವಿಚ್ಚಿನ ಬೆಸುಗೆ ಬಿಟ್ಟಿರುತ್ತದೆ, ಅದು ರಿಪೇರಿ ಕೆಲಸ, ಹೊಸ ಕೀ ಬೇಕಿಲ್ಲ. ಉಳಿದಂತೆ ಅವರು ಮಾಡುವುದೂ ನೀವು ಮಾಡುವುದೂ ಒಂದೇ. ಕೊಕ್ಕೆ ಮುರಿದರೆ ಅವರ ತಲೆಗೆ ಬರುತ್ತದೆ ಅನ್ನುವ ನೆಮ್ಮದಿಗೆ ದುಡ್ಡು ಕೊಡುತ್ತೀರಿ, ಅಷ್ಟೇ. ಕೈ ನಡುಗುವವರಿಗೆ ಅದೂ ತಪ್ಪಲ್ಲ. ಆದರೆ ಬರೀ ಸೆಲ್ ಬದಲಿಸಿ ಬಿಲ್ಲಿನಲ್ಲಿ ಪ್ರೋಗ್ರಾಮಿಂಗ್ ಎಂದು ಬರೆದರೆ ಯಾವುದನ್ನು ಪ್ರೋಗ್ರಾಂ ಮಾಡಿದಿರಿ ಎಂದು ಕೇಳಿ.

ದಾರಿಯಲ್ಲಿ ಸೆಲ್ ಪೂರ್ತಿ ಸತ್ತರೆ? ಓಡುತ್ತಿರುವ ಎಂಜಿನ್ ನಿಲ್ಲುವುದಿಲ್ಲ. ಕೀ ಕಾಣುತ್ತಿಲ್ಲ ಎಂದು ಎಚ್ಚರಿಕೆ ತೋರಿಸಬಹುದು, ಶಬ್ದ ಮಾಡಬಹುದು, ಆದರೆ ಓಡುವ ಗಾಡಿಯನ್ನು ನಡುರಸ್ತೆಯಲ್ಲಿ ನಿಲ್ಲಿಸುವುದು ಅಪಾಯ ಎಂದು ತಿಳಿದೇ ಹಾಗೆ ಮಾಡಿರುವುದಿಲ್ಲ. ಇದರಿಂದಲೇ ಇನ್ನೊಂದು ಎಡವಟ್ಟು ಆಗುತ್ತದೆ: ಕೀ ಜೇಬಿನಲ್ಲಿಟ್ಟುಕೊಂಡ ಗಂಡ ದಾರಿಯಲ್ಲಿ ಇಳಿದುಹೋಗುತ್ತಾರೆ, ಹೆಂಡತಿ ಕಾರು ಓಡಿಸಿಕೊಂಡು ಮನೆ ಸೇರುತ್ತಾರೆ, ಎಂಜಿನ್ ಆಫ್ ಮಾಡಿದ ಮೇಲೆ ಮತ್ತೆ ಸ್ಟಾರ್ಟ್ ಇಲ್ಲ.

ನಿಂತ ಕಾರನ್ನು ತೆರೆಯಲು ಕೀ ಒಳಗಿನ ಲೋಹದ ಕೀ ಇದೆ. ಬಾಗಿಲಲ್ಲಿ ತೂತೇ ಕಾಣುತ್ತಿಲ್ಲ ಎಂದರೆ ಡ್ರೈವರ್ ಕಡೆಯ ಹಿಡಿಯ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ, ಅದರ ಹಿಂದೆ ತೂತು. ಹಾಗೆ ತೆರೆದಾಗ ಬಹಳ ಕಾರುಗಳಲ್ಲಿ ಅಲಾರಂ ಹೊಡೆದುಕೊಳ್ಳುತ್ತದೆ. ಹೊಡೆದುಕೊಳ್ಳಲಿ, ಒಳಗೆ ಕೂತು ಬ್ರೇಕ್ ಒತ್ತಿ, ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದು, ಬಟನ್ ಒತ್ತಿ. ಸೆಲ್ ಬೇಡದ ಆ ಚಿಪ್ ಗುರುತು ಹೇಳುತ್ತದೆ, ಎಂಜಿನ್ ಏಳುತ್ತದೆ, ಅಲಾರಂ ಸುಮ್ಮನಾಗುತ್ತದೆ. ಕೆಲವು ಕಾರುಗಳಲ್ಲಿ ತಾಗಿಸುವ ಜಾಗ ಬಟನ್ ಅಲ್ಲ, ಕಪ್ ಇಡುವ ಗುಳಿಯಲ್ಲೋ, ಗೇರ್ ಹತ್ತಿರದ ಡಬ್ಬಿಯಲ್ಲೋ, ಸ್ಟೀರಿಂಗ್ ಕಂಬದ ಪಕ್ಕದಲ್ಲೋ ಗುರುತು ಇರುತ್ತದೆ. ನಿಮ್ಮ ಕಾರಿನಲ್ಲಿ ಎಲ್ಲಿ ಎಂದು ಇವತ್ತೇ ಹುಡುಕಿ, ಹಳೆಯ ಸೆಲ್ ತೆಗೆದಾಗ ಹೊಸದು ಹಾಕುವ ಮೊದಲು ಒಮ್ಮೆ ಹಾಗೇ ಸ್ಟಾರ್ಟ್ ಮಾಡಿ ನೋಡಿ. ನಾನು ಇಷ್ಟು ಬರೆದದ್ದಕ್ಕಿಂತ ಆ ಒಂದು ಸಲದಿಂದ ನಿಮ್ಮ ಭಯ ಜಾಸ್ತಿ ಹೋಗುತ್ತದೆ. ಅದೇ ಹೊತ್ತಿಗೆ ಲೋಹದ ಕೀಯನ್ನೂ ಬಾಗಿಲಲ್ಲಿ ತಿರುಗಿಸಿ ನೋಡಿ, ವರ್ಷಗಟ್ಟಲೆ ಮುಟ್ಟದ ಬೀಗ ಬಿಗಿದುಕೊಂಡಿರುವುದು ಹೊಸದೇನಲ್ಲ.

ಹೊಸ ಸೆಲ್ ಬೇಗ ಮುಗಿಯಬಾರದು ಎಂದರೆ ಕೀ ಎಲ್ಲಿಡುತ್ತೀರಿ ನೋಡಿಕೊಳ್ಳಿ. ಸ್ಮಾರ್ಟ್ ಕೀ ಅರೆನಿದ್ದೆಯಲ್ಲಿರುತ್ತದೆ, ಕಾರಿನ ಕರೆ ಕೇಳಿದಾಗಲೆಲ್ಲ ಎಚ್ಚರಾಗುತ್ತದೆ. ಕಾರು ನಿಲ್ಲಿಸುವ ಜಾಗದ ಗೋಡೆಗೇ ಕೀ ನೇತುಹಾಕಿದರೆ ಅದಕ್ಕೆ ನಿದ್ದೆಯೇ ಇಲ್ಲ. ಟಿವಿ, ಲ್ಯಾಪ್‌ಟಾಪ್, ಫೋನ್ ಚಾರ್ಜರ್ ಪಕ್ಕ ಇಟ್ಟರೂ ಅವುಗಳ ಗದ್ದಲವನ್ನು ಕರೆ ಎಂದುಕೊಂಡು ಎಚ್ಚರಾಗಬಹುದು, ಒಂದು ಮೀಟರ್ ದೂರ ಇಡಿ. ಟೊಯೊಟಾದ ಹಲವು ಕೀಗಳಲ್ಲಿ ಲಾಕ್ ಬಟನ್ ಹಿಡಿದುಕೊಂಡು ಅನ್‌ಲಾಕ್ ಎರಡು ಸಲ ಒತ್ತಿದರೆ ದೀಪ ನಾಲ್ಕು ಸಲ ಮಿಣುಕಿ ಕೀ ಪೂರ್ತಿ ಮಲಗುತ್ತದೆ, ಯಾವುದಾದರೂ ಬಟನ್ ಒತ್ತಿದರೆ ಮತ್ತೆ ಏಳುತ್ತದೆ. ಮಲಗಿದ ಕೀಯ ಸಂಕೇತವನ್ನು ಕಳ್ಳರು ದೂರದಿಂದ ಎಳೆದುಕೊಂಡು ಕಾರು ತೆರೆಯುವುದೂ ಆಗಲ್ಲ. ನಿಮ್ಮ ಕಾರಿಗೆ ಇಂಥದ್ದು ಇದೆಯಾ ಎಂದು ಪುಸ್ತಕದಲ್ಲಿ ನೋಡಿ.

ನೀವು ಕೇಳದಿದ್ದರೂ ಒಂದು ಹೇಳಲೇಬೇಕು. ತೆಗೆದ ಹಳೆಯ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಕೀಗೆ ಸತ್ತ ಸೆಲ್ಲಿನಲ್ಲೂ ಪುಟ್ಟ ಮಗುವಿನ ಅನ್ನನಾಳ ಸುಡುವಷ್ಟು ಶಕ್ತಿ ಉಳಿದಿರುತ್ತದೆ. 20 ಮಿಲಿಮೀಟರ್ ಸೆಲ್ ಅಲ್ಲಿ ಸಿಕ್ಕಿಕೊಳ್ಳುವ ಅಳತೆಯದು, ಒದ್ದೆ ಜಾಗದಲ್ಲಿ ಕರೆಂಟು ಹರಿದು ಕ್ಷಾರ ಹುಟ್ಟುತ್ತದೆ, ಎರಡು ಗಂಟೆಯೊಳಗೇ ತೀವ್ರ ಗಾಯ ಆಗಬಹುದು. ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಲಕ್ಷಣ ಕಾಣಲಿ ಎಂದು ಕಾಯದೆ, ವಾಂತಿ ಮಾಡಿಸದೆ ಸೀದಾ ಆಸ್ಪತ್ರೆಗೆ ಹೋಗಿ ಸೆಲ್ ನುಂಗಿರಬಹುದು ಎಂದೇ ಹೇಳಿ. ಹಳೆಯದರ ಎರಡೂ ಮುಖಕ್ಕೆ ಟೇಪ್ ಸುತ್ತಿ ಮಕ್ಕಳ ಕೈಗೆ ಸಿಗದ ಕಡೆ ಇಟ್ಟು ಇ-ತ್ಯಾಜ್ಯಕ್ಕೆ ಕೊಡಿ. ನಿಮ್ಮಲ್ಲಿ ಉಳಿದ 2025ಕ್ಕೂ ಇದೇ ಮಾತು.

ಕೊನೆಗೆ ಡ್ರಾಯರಿನ ಕೀ. ಬಳಸದಿದ್ದರೂ ಅದು ಕಾರಿನ ಕರೆಗೆ ಕಿವಿ ತೆರೆದುಕೊಂಡೇ ಇರುತ್ತದೆ, ಆದ್ದರಿಂದ ಮೂರು ವರ್ಷದ ಅದರ ಸೆಲ್ಲೂ ಮುಗಿಯುವ ಹತ್ತಿರವೇ ಇರಬೇಕು. ಅದು ಈಗ ದೂರದಿಂದ ಕೆಲಸ ಮಾಡುತ್ತಿದ್ದರೆ ಎರಡನ್ನೂ ಒಂದೇ ದಿನ ಬಿಚ್ಚಬೇಡಿ. ಮೊದಲು ಬಳಸುವ ಕೀಗೆ ಹಾಕಿ, ನಾಲ್ಕು ದಿನ ಓಡಿಸಿ, ಎಲ್ಲ ಸರಿ ಅನ್ನಿಸಿದ ಮೇಲೆ ಎರಡನೆಯದಕ್ಕೆ ಹಾಕಿ. ಆಗ ಕೈಗೂ ಅಭ್ಯಾಸ ಆಗಿರುತ್ತದೆ. ಮೊದಲನೆಯದರಲ್ಲಿ ಏನಾದರೂ ಎಡವಟ್ಟಾದರೂ ಕಾರು ತೆಗೆಯಲು ಒಂದು ಕೀ ಉಳಿದಿರುತ್ತದೆ.